ಹೆಬ್ಬಾಳದ ಕಿಟ್ಟಯ್ಯನನ್ನು ನಮ್ಮ ಮಕ್ಕಳಿಗೆ ತೋರಿಸುವವರು ಯಾರು?



ನಿಮ್ಮ ಮನೆಯ ಮಗುವನ್ನು ಕರೆದು ಸಿಂಡ್ರೆಲ್ಲಾ ಯಾರೆಂದು ಕೇಳಿ. ಪಟಪಟನೆ ಹೇಳುತ್ತದೆ. ಕಿಟ್ಟಯ್ಯ ಯಾರೆಂದು ಕೇಳಿ. ಪಿಳಿಪಿಳಿ ಕಣ್ಣು ಬಿಡುತ್ತದೆ. ಮಗುವನ್ನು ಬೈಯಬೇಡಿ. ದೊಡ್ಡವರಲ್ಲಿ ಎಷ್ಟು ಜನರಿಗೆ ಗೊತ್ತು ಹೇಳಿ?

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ನೆಲ ಅಗೆದಾಗ ಒಂದು ಕಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಗಂಗರ ದೊರೆ ಶ್ರೀಪುರುಷನ ಕಾಲದ ಕನ್ನಡ ಶಾಸನ. ಹಗೆಗಳು ಮೇಲೆ ಬಿದ್ದಾಗ ಕಾದಾಡಿ ಮಡಿದ ಕಿಟ್ಟಯ್ಯನೆಂಬ ವೀರನ ಕಲ್ಲು ಅದು. ಮೇಲ್ಸೇತುವೆ, ಮಾಲು, ಮುಗಿಲು ಮುಟ್ಟುವ ಅಪಾರ್ಟ್‌ಮೆಂಟುಗಳ ಈ ಹೆಬ್ಬಾಳದಲ್ಲಿ ಹನ್ನೆರಡೂವರೆ ಶತಮಾನಗಳ ಹಿಂದೆಯೇ ಕನ್ನಡ ಬಾಳಿತ್ತು, ಬರೆದಿತ್ತು. ಇಲ್ಲಿ ಕನ್ನಡ ಎಲ್ಲಿತ್ತು ಎಂದು ಕೇಳುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕೆ?

ವೀರಗಲ್ಲು ಅಂದರೆ ಏನು? ಓದು ಬಾರದವರಿಗೂ ಕಥೆ ತಿಳಿಯಲಿ ಎಂದು ಕಲ್ಲಿನಲ್ಲಿ ಕೆತ್ತಿದ ಚಿತ್ರ, ಪಕ್ಕದಲ್ಲಿ ನಾಲ್ಕು ಸಾಲು ಬರಹ. ಮಕ್ಕಳ ಚಿತ್ರಪುಸ್ತಕವೂ ಅಷ್ಟೇ ಅಲ್ಲವೇ? ಕಲ್ಲಿನಲ್ಲಿ ಚಿತ್ರಪುಸ್ತಕ ಬರೆದವರ ಮೊಮ್ಮಕ್ಕಳು ನಾವು. ಕಾಗದದ ಮೇಲೆ ಬರೆಯಲು ನಮಗೇನು ದಾಡಿ?

ದೂರದ ಕೆನಡಾವನ್ನು ನೋಡಿ. ಪಕ್ಕದಲ್ಲೇ ಅಮೆರಿಕವೆಂಬ ದೈತ್ಯ. ಅಲ್ಲಿನ ಪುಸ್ತಕ, ಸಿನಿಮಾ, ಟಿವಿ ಎಲ್ಲವೂ ಗಡಿ ದಾಟಿ ನುಗ್ಗುತ್ತವೆ. ಆದರೂ ಅವರು ತಮ್ಮ ಕಥೆ ಬಿಟ್ಟುಕೊಡಲಿಲ್ಲ. ರೋಕ್ ಕ್ಯಾರಿಯೆ ಎಂಬ ಲೇಖಕ 1979ರಲ್ಲಿ ಫ್ರೆಂಚಿನಲ್ಲಿ ಒಂದು ಪುಟ್ಟ ಕಥೆ ಬರೆದರು. ಕ್ವೆಬೆಕ್‌ನ ಹಳ್ಳಿ ಹುಡುಗನೊಬ್ಬನಿಗೆ ಅಂಚೆಯಲ್ಲಿ ತನ್ನ ಪ್ರೀತಿಯ ಮಾಂಟ್ರಿಯಲ್ ಹಾಕಿ ತಂಡದ ಅಂಗಿಯ ಬದಲು ಎದುರಾಳಿ ಟೊರೊಂಟೊ ತಂಡದ ಅಂಗಿ ಬರುತ್ತದೆ. ಅಷ್ಟೇ ಕಥೆ! 1984ರಲ್ಲಿ ಅದು ಚಿತ್ರಪುಸ್ತಕವಾಯಿತು. ಆ ಕಥೆಯ ಸಾಲುಗಳನ್ನು 2002ರಲ್ಲಿ ಹೊರಬಂದ ಐದು ಡಾಲರ್ ನೋಟಿನ ಮೇಲೆ ಅಚ್ಚು ಹಾಕಿಸಿದರು. ಮಕ್ಕಳ ಕಥೆ ಒಂದು ದೇಶದ ನೋಟಿನ ಮೇಲೆ! ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯಿಂದ ಕಿತ್ತು ವಸತಿಶಾಲೆಗೆ ಸೇರಿಸಿ, ಅವರ ಭಾಷೆಯನ್ನೇ ಕಸಿದ ಪಾಪವನ್ನೂ ಅವರು ಮುಚ್ಚಿಡಲಿಲ್ಲ. 2005ರಲ್ಲಿ ಬಂದ ‘ಶಿ-ಶಿ-ಎಟ್ಕೊ’ ಎಂಬ ಚಿತ್ರಪುಸ್ತಕ ಆ ನೋವನ್ನು ಪುಟ್ಟ ಹುಡುಗಿಯೊಬ್ಬಳ ಮೂಲಕ ಮಕ್ಕಳಿಗೆ ಹೇಳುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಆರ್.ಟಿ. ನಗರಕ್ಕೇ ಬನ್ನಿ. ಅದು ರವೀಂದ್ರನಾಥ ಟ್ಯಾಗೋರ್ ನಗರ. ನೊಬೆಲ್ ಗೆದ್ದ ಆ ಮಹಾಕವಿ ಬಂಗಾಳಿ ಮಕ್ಕಳಿಗಾಗಿ ಕೂತು ‘ಸಹಜ ಪಾಠ’ ಎಂಬ ಮೊದಲ ಓದಿನ ಪುಸ್ತಕ ಬರೆದರು. 1930ರಲ್ಲಿ ಹೊರಬಂದ ಆ ಪುಸ್ತಕಕ್ಕೆ ಚಿತ್ರ ಬಿಡಿಸಿದವರು ನಂದಲಾಲ್ ಬೋಸ್. ನಾಡಿನ ದೊಡ್ಡ ಕವಿ, ದೊಡ್ಡ ಕಲಾವಿದ ಇಬ್ಬರೂ ಅಆಇಈಗೆ ಕೈ ಹಾಕಿದರು. ಮಕ್ಕಳ ಪುಸ್ತಕವೆಂದರೆ ಹಾಗಿರಬೇಕು.

ನಮ್ಮಲ್ಲೇನು ಕಡಿಮೆ? ಶಿವರಾಮ ಕಾರಂತರು 1936ರಲ್ಲೇ ‘ಬಾಲ ಪ್ರಪಂಚ’ ಕೊಟ್ಟರು. ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ಭಾರತ-ಭಾರತಿಯ 500ಕ್ಕೂ ಹೆಚ್ಚು ಪುಟ್ಟ ಪುಸ್ತಕಗಳು ಬಂದವು. ಅಮರ ಚಿತ್ರಕಥೆ ಮಾಲೆ ಮೊದಲು ಶುರುವಾದದ್ದೂ 1960ರ ದಶಕದಲ್ಲಿ, ಇದೇ ಬೆಂಗಳೂರಿನಲ್ಲಿ, ಕನ್ನಡದಲ್ಲಿ! ಆದರೆ ಆ ಮೊದಲ ಸಂಚಿಕೆಗಳಲ್ಲಿ ಇದ್ದದ್ದು ಪಶ್ಚಿಮದ ಕಿನ್ನರಿ ಕಥೆಗಳು. ಭಾಷೆ ನಮ್ಮದು, ಕಥೆ ಅವರದು. ಇವತ್ತು ಎಷ್ಟೋ ಮನೆಗಳಲ್ಲಿ ಭಾಷೆಯೂ ಅವರದೇ ಆಗಿದೆ.

ಉತ್ತರ ಬೆಂಗಳೂರಿನ ನೆಲದಲ್ಲೇ ಎಷ್ಟು ಕಥೆಗಳಿವೆ ನೋಡಿ. ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದರು. ಮೇಖ್ರಿ ವೃತ್ತದ ಬಳಿ ಗಡಿ ಗೋಪುರ ಇಂದಿಗೂ ನಿಂತಿದೆ. ವಿಮಾನ ನಿಲ್ದಾಣಕ್ಕೆ 2013ರಲ್ಲಿ ಅವರ ಹೆಸರು ಬಂತು, 2022ರಲ್ಲಿ 108 ಅಡಿಯ ಪ್ರತಿಮೆಯೂ ಎದ್ದಿತು. ಸಂತೋಷ. ಆದರೆ ಕಾರಿನ ಕಿಟಕಿಯಿಂದ ಆ ಪ್ರತಿಮೆ ಕಂಡ ಐದು ವರ್ಷದ ಮಗು ‘ಯಾರಪ್ಪಾ ಇದು?’ ಎಂದರೆ ಕೈಗೆ ಕೊಡಲು ಬಣ್ಣದ ಪುಸ್ತಕವೊಂದು ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆಯೇ?

2023ರ ಡಿಸೆಂಬರ್‌ನಲ್ಲಿ ಸಾದಹಳ್ಳಿ ಟೋಲ್ ಬಳಿಯಿಂದ ಕನ್ನಡಿಗರು ನಾಮಫಲಕಕ್ಕಾಗಿ ಬೀದಿಗಿಳಿದರು. ಫಲಕದಲ್ಲಿ ಶೇ 60 ಕನ್ನಡ ಎಂದು 2024ರಲ್ಲಿ ಕಾನೂನೇ ತಿದ್ದುಪಡಿಯಾಯಿತು. ಆದರೆ ಫಲಕದ ಕನ್ನಡ ಓದಲು ನಾಳೆ ಓದುಗರು ಬೇಡವೇ? ಪರೀಕ್ಷೆಯ ಅಂಕಕ್ಕೆ ಕಲಿತ ಕನ್ನಡ ಪರೀಕ್ಷೆಯೊಂದಿಗೇ ಮುಗಿಯುತ್ತದೆ. ಅಮ್ಮನ ತೊಡೆಯ ಮೇಲೆ ಕೂತು ಚಿತ್ರ ನೋಡುತ್ತಾ ಕಲಿತ ಕನ್ನಡ ಸಾಯುವವರೆಗೂ ಉಳಿಯುತ್ತದೆ. ಮನೆಮಾತು ತಮಿಳೋ, ತೆಲುಗೋ, ಉರ್ದುವೋ, ಹಿಂದಿಯೋ ಇರಲಿ, ಈ ಮಣ್ಣಿನಲ್ಲಿ ಆಡುವ ಮಗುವಿಗೆ ಕಿಟ್ಟಯ್ಯನ ಮೇಲೆ ಅಷ್ಟೇ ಹಕ್ಕಿದೆ.

ದುಡ್ಡಿಲ್ಲ ಎಂಬ ನೆಪ ಬೇಡ. ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 6 ಗ್ರಂಥಾಲಯ ಕರವೂ ಸೇರಿದೆ. ಅದು ನಿಮ್ಮ ದುಡ್ಡು. ಕರ ಗ್ರಂಥಾಲಯಗಳಿಗೆ ಪೂರ್ತಿ ತಲುಪಲಿ. ಸಗಟು ಖರೀದಿಯಲ್ಲಿ ಪುಟದ ಲೆಕ್ಕ ಹಾಕಿ ಬೆಲೆ ಕಟ್ಟಿದರೆ ಮೂವತ್ತೆರಡು ಪುಟದ ಬಣ್ಣದ ಪುಸ್ತಕದ ಪ್ರಕಾಶಕ ಉಳಿದಾನೆಯೇ? ಚಿತ್ರಪುಸ್ತಕಕ್ಕೆ ನ್ಯಾಯವಾದ ದರ ಬೇರೆಯಾಗಿ ನಿಗದಿಯಾಗಲಿ. ಕನ್ನಡ ಪುಸ್ತಕ ಪ್ರಾಧಿಕಾರ ಜಿಲ್ಲೆಗೊಂದರಂತೆ ಚರಿತ್ರೆಯ ಚಿತ್ರಪುಸ್ತಕ ತರಲಿ. ಕಲಾವಿದರಿಗೆ ತಕ್ಕ ಸಂಭಾವನೆ ಸಿಗಲಿ.

ಸರ್ಕಾರ ಮಾಡುವವರೆಗೆ ಕೈಕಟ್ಟಿ ಕೂರಬೇಡಿ. ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಹೆಬ್ಬಾಳಕ್ಕೆ ಹೋಗಿ, ಕಿಟ್ಟಯ್ಯನ ಕಲ್ಲು ತೋರಿಸಿ. ಕಾಗದ, ಬಣ್ಣ ಕೊಟ್ಟು ಬಿಡಿಸಲು ಹೇಳಿ. ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಇಡುವ ಸಂಘಗಳು ಆ ಖರ್ಚಿನಲ್ಲಿ ಒಂದು ಪಾಲನ್ನು ಬಡಾವಣೆಯ ಶಾಲೆಗೆ ಕನ್ನಡ ಚಿತ್ರಪುಸ್ತಕ ಕೊಡಿಸಲು ತೆಗೆದಿಡಲಿ.

ಬಾವುಟ ಹಿಡಿಯುವ ಕೈಗೆ ಮೊದಲು ಪುಸ್ತಕ ಹಿಡಿಸೋಣ.

ಸಿರಿಗನ್ನಡಂ ಗೆಲ್ಗೆ!