ಒಂದು ಓಟಿಗಾಗಿ ಬದಲಾದ ನಿಯಮ

ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ರಾಜ್ಯ ಗೆದ್ದವರಿಗೇ ಅಲ್ಲಿನ ಎಲ್ಲಾ ಎಲೆಕ್ಟರ್‌ಗಳೂ ಸಿಗೋದು ಸಂವಿಧಾನ ಬರೆದ ಹಿರಿಯರ ದೂರದೃಷ್ಟಿ ಅಂತ ಹೇಳೋರಿದ್ದಾರೆ. ಕ್ಷಮಿಸಿ ಗೆಳೆಯರೇ, ನಾನಂತೂ ಒಪ್ಪಲ್ಲ. ಸಂವಿಧಾನದಲ್ಲಿ ಆ ನಿಯಮವೇ ಇಲ್ಲ! ಎಲೆಕ್ಟರ್‌ಗಳನ್ನ ಹೇಗೆ ಆರಿಸಬೇಕು ಅನ್ನೋದನ್ನ ಅದು ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟಿದೆ.

ವರ್ಜೀನಿಯಾದ ಕತೆ ನೋಡಿ. 1796ರಲ್ಲಿ ಅಲ್ಲಿ ಜಿಲ್ಲೆಗೊಬ್ಬ ಎಲೆಕ್ಟರ್. 21 ಜನರಲ್ಲಿ 20 ಮಂದಿ ತಮ್ಮ ರಾಜ್ಯದವರೇ ಆದ ಜೆಫರ್ಸನ್‌ಗೆ ಓಟು ಹಾಕಿದ್ರು, ಒಬ್ಬ ಮಾತ್ರ ಎದುರಾಳಿ ಆಡಮ್ಸ್‌ಗೆ. ದೇಶದ ಲೆಕ್ಕದಲ್ಲಿ ಆಡಮ್ಸ್ 71, ಜೆಫರ್ಸನ್ 68. ಮೂರೇ ಮೂರು ಓಟಿನ ಸೋಲು...

1800ರ ಜನವರಿಯಲ್ಲಿ ಜೆಫರ್ಸನ್ ಪಕ್ಷದ ಹಿಡಿತದಲ್ಲಿದ್ದ ಅಲ್ಲಿನ ಶಾಸನಸಭೆ ಜಿಲ್ಲೆಗಳನ್ನ ಕೈಬಿಟ್ಟು ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಅಂದುಬಿಡ್ತು. 21ಕ್ಕೆ 21 ಓಟೂ ಜೆಫರ್ಸನ್‌ಗೆ! ಜಿಲ್ಲಾ ಪದ್ಧತಿಯೇ ಒಳ್ಳೇದು, ಆದ್ರೆ ಹೆಚ್ಚಿನ ರಾಜ್ಯಗಳು ಅದನ್ನ ಪಾಲಿಸದಿರುವಾಗ ಉಳಿದವರು ಹಿಡ್ಕೊಂಡಿರೋದು ದಡ್ಡತನ ಅನ್ನೋ ಅರ್ಥದಲ್ಲಿ ಅವರೇ ಮನ್ರೋಗೆ ಪತ್ರ ಬರೆದಿದ್ರು. ಆಡಮ್ಸ್‌ರ ಮ್ಯಾಸಚೂಸೆಟ್ಸ್ ಸುಮ್ಮನಿದ್ದೀತೇ? ಆಯ್ಕೆಯನ್ನೇ ಜನರಿಂದ ಕಿತ್ಕೊಂಡು ಶಾಸಕರ ಕೈಗೆ ಕೊಡ್ತು.

ಇವತ್ತು ಮೇನ್, ನೆಬ್ರಾಸ್ಕಾ ಬಿಟ್ಟು 48 ರಾಜ್ಯಗಳಲ್ಲೂ ಗೆದ್ದವರಿಗೇ ಎಲ್ಲ. ಬೇರೆ ದನಿ ಎತ್ತಿದ ಒಂದು ಜಿಲ್ಲೆಯ ಬಾಯಿ ಮುಚ್ಚಿಸೋಕೆ ಮಾಡಿದ್ದನ್ನ ನಾನಂತೂ ದೂರದೃಷ್ಟಿ ಅನ್ನಲಾರೆ. ನೀವೇನಂತೀರಿ?