ಹೆಸರೋ, ಉರು ಹೊಡೆಯುವ ಮಂತ್ರವೋ?

ಪ್ರೌಢಶಾಲೆಯ ಹುಡುಗನೊಬ್ಬನನ್ನು ಕರೆದು ಕ್ಯಾಲ್ಸಿಯಂ ಕ್ಲೋರೈಡಿನ ಸೂತ್ರವೇನೆಂದು ಕೇಳಿದರೆ ಥಟ್ಟನೆ ಒಪ್ಪಿಸುವನು. ಅಲ್ಲಿ ಕ್ಲೋರಿನ್ ಎರಡೇಕೆಂದು ಕೇಳಿದರೆ ಉಪಾಧ್ಯಾಯರ ಮುಖ ನೋಡುವನು. ದೋಷವು ಹುಡುಗನದಲ್ಲ, ಹೆಸರುಗಳನ್ನು ಅಷ್ಟೋತ್ತರದಂತೆ ಉರು ಹೊಡೆಯಿಸುವ ಪದ್ಧತಿಯದು. ಇದಕ್ಕೆ ಬೆದರಿದ ಮಕ್ಕಳು, ವಿಜ್ಞಾನವು ತಮಗಲ್ಲವೆಂದು ಬೆನ್ನು ತಿರುಗಿಸುವರು. ಈ ನಷ್ಟಕ್ಕೆ ಹೊಣೆ ಯಾರು?

ಮೈಲುತುತ್ತ, ಅನ್ನಭೇದಿ ಎಂಬ ಹೆಸರುಗಳು ಅಂಗಡಿಯಲ್ಲಿ ಚೆನ್ನ. ಆದರೆ ಎರಡೂ ಸಲ್ಫೇಟುಗಳೆಂಬ ಬಾಂಧವ್ಯವು ಆ ಹೆಸರುಗಳಿಂದ ಯಾರಿಗೆ ಹೊಳೆದೀತು? ಇಂತಹ ಗೊಂದಲವನ್ನು ಕಳೆಯಲೆಂದೇ 1787ರಲ್ಲಿ ಫ್ರಾನ್ಸಿನ ಲೆವಾಸಿಯೆ, ಗಿಟೋನ್ ದ ಮೊರ್ವೊ ಮೊದಲಾದ ನಾಲ್ವರು ಘಟಕಗಳನ್ನು ತಿಳಿಸುವ ನಾಮಕರಣ ಕ್ರಮವನ್ನು ಪ್ರಕಟಿಸಿದರು. (ಮೊರ್ವೊ ಮೂಲತಃ ವಕೀಲನೆಂಬುದು ನಮ್ಮ ವೃತ್ತಿಬಾಂಧವರಿಗೆ ಹೆಮ್ಮೆಯ ಸಂಗತಿ.) ಅರ್ಥಕ್ಕಾಗಿ ಹುಟ್ಟಿದ ಹೆಸರನ್ನು ಅರ್ಥವಿಲ್ಲದೆ ಬಾಯಿಪಾಠ ಮಾಡಿಸುವುದು ಎಂತಹ ವಿಪರ್ಯಾಸ!

ಕ್ರಮವಾದರೂ ಕಠಿನವೇ? ಧನ ಅಯಾನು ಮೊದಲು, ಋಣ ಅಯಾನು ಆಮೇಲೆ. ಅಲೋಹವೊಂದೇ ಋಣ ಅಯಾನಾದಾಗ 'ಐಡ್' ಎಂಬ ಪ್ರತ್ಯಯವು ಹತ್ತುವುದು: ಕ್ಲೋರಿನ್ನು ಕ್ಲೋರೈಡಾಗುವುದು, ಆಕ್ಸಿಜನ್ನು ಆಕ್ಸೈಡಾಗುವುದು. ವಿಭಕ್ತಿ ಪ್ರತ್ಯಯಗಳನ್ನು ಬಲ್ಲ ಮಕ್ಕಳಿಗೆ ಇದೇನು ಬ್ರಹ್ಮವಿದ್ಯೆಯೇ? ಕ್ಯಾಲ್ಸಿಯಮ್ಮಿನ ಮೇಲೆ ಎರಡು ಧನ ಆವೇಶ, ಕ್ಲೋರೈಡಿನ ಮೇಲೆ ಒಂದು ಋಣ; ಜಮಾಖರ್ಚು ಸರಿಹೋಗಲು ಕ್ಲೋರೈಡು ಎರಡು ಬೇಕು. ಆದುದರಿಂದಲೇ 'ಡೈಕ್ಲೋರೈಡ್' ಎನ್ನಬೇಕಾಗಿಲ್ಲ. ಕಾರ್ಬನ್ ಡೈಆಕ್ಸೈಡಿನಲ್ಲಿ 'ಡೈ' ಇದೆಯಲ್ಲಾ ಎಂದು ಹುಡುಗನು ಕೇಳಿದರೆ ಗದರಿಸಬಾರದು. ಅಲ್ಲಿ ಅಯಾನುಗಳಿಲ್ಲ, ಕಾರ್ಬನ್ನು ಮಾನಾಕ್ಸೈಡೂ ಆಗಬಲ್ಲುದು, ಎಣಿಕೆಯನ್ನು ಹೇಳಲೇಬೇಕು.

ನಮ್ಮ ಮುಖ್ಯ ತಕರಾರು ಫೆರಸ್, ಫೆರಿಕ್‌ಗಳ ಮೇಲೆ. 'ಅಸ್' ಎಂದರೆ ಕಡಿಮೆ, 'ಇಕ್' ಎಂದರೆ ಹೆಚ್ಚು. ಎಷ್ಟೆಂಬುದು ಮಾತ್ರ ಗುಟ್ಟು! ಕಬ್ಬಿಣಕ್ಕೆ 2 ಮತ್ತು 3, ತಾಮ್ರಕ್ಕೆ 1 ಮತ್ತು 2, ತವರಕ್ಕೆ 2 ಮತ್ತು 4. ಇಂತಹ ಸಾಕ್ಷ್ಯವನ್ನು ಯಾವ ನ್ಯಾಯಾಲಯ ಒಪ್ಪೀತು? ಜರ್ಮನಿಯ ಆಲ್ಫ್ರೆಡ್ ಸ್ಟಾಕನು 1919ರಲ್ಲಿಯೇ ಲೋಹದ ಹೆಸರಿನ ಮುಂದೆ ರೋಮನ್ ಅಂಕಿಯನ್ನಿಡುವ ಕ್ರಮವನ್ನು ಸೂಚಿಸಿದನು. ಐರನ್ನಿನ ಮುಂದೆ ಮೂರರ ಅಂಕಿಯನ್ನಿಟ್ಟು ಕ್ಲೋರೈಡ್ ಎಂದರೆ, ಆ ಹೆಸರನ್ನು ಎಂದೂ ಕೇಳದವನೂ ಸೂತ್ರವನ್ನು ಬರೆಯಬಲ್ಲನು.

ಔಷಧದ ಸೀಸೆಗಳ ಮೇಲೆ ಇಂದಿಗೂ ಫೆರಸ್ ಸಲ್ಫೇಟ್ ಎಂದಿರುವುದಲ್ಲಾ ಎಂದು ಕೆಲವರು ವಾದಿಸುವರು. ಇರಲಿ, ಮಕ್ಕಳು ಅದನ್ನು ಗುರುತಿಸಲಿ. ಆದರೆ ಅಂಕಗಳನ್ನು ಅದರ ಮೇಲೆ ಸುರಿಯುವುದೇತಕ್ಕೆ? ಉಪಾಧ್ಯಾಯ ಮಹಾಶಯರೇ, ಮುಂದಿನ ಪರೀಕ್ಷೆಯಲ್ಲಿ ಪಾಠದಲ್ಲಿ ಬಾರದ ಸಂಯುಕ್ತವೊಂದರ ಹೆಸರನ್ನು, ಅಯಾನುಗಳ ಆವೇಶಗಳೊಡನೆ, ಕೊಟ್ಟು ಸೂತ್ರವನ್ನು ಕೇಳಿರಿ.