ಆರನೇ ಬೋರು ಯಾರ ಆಸ್ತಿ?

ಹಾಸ್ಟೆಲ್‌ನಲ್ಲಿ ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಹುಡುಗರು ನಾಲ್ಕು ಜನ ಸೇರಿದರೆ ಮಾತು ಮೂರು ವಿಷಯ ಬಿಟ್ಟು ಆಚೆ ಹೋಗಲ್ಲ. ಅಡಿಕೆ ರೇಟು ಎಷ್ಟಾಯ್ತು, ಊರಲ್ಲಿ ಮಳೆ ಬಂತಾ, ಯಾರ ಮನೆ ಮುಂದೆ ಯಾವ ಕಾರು ನಿಂತಿದೆ. ಸ್ವಲ್ಪ ಕಿವಿಗೊಟ್ಟು ಕೇಳಿದರೆ ಇದು ಮೂರು ವಿಷಯ ಅಲ್ಲ, ಒಂದೇ. ಮಳೆ ಬಂದ್ರೆ ಅಡಿಕೆ, ಅಡಿಕೆ ಬಂದ್ರೆ ಕಾರು. ಮಳೆ ಬರದಿದ್ರೆ? ಬೋರು. ಬೋರಿಗೆ ಸಾಲ.

"ವಸ್ತುಗಳಿಂದ ಬದುಕಿಗೆ ಅರ್ಥ ಬರುತ್ತಾ?" ಅಂತ ಚರ್ಚಾಸ್ಪರ್ಧೆ ಇಟ್ಟು ನೋಡಿ, ಹತ್ತರಲ್ಲಿ ಒಂಬತ್ತು ಜನ "ಇಲ್ಲ" ಅಂತಾರೆ. ಬುದ್ಧ ಬರ್ತಾನೆ, ಬಸವಣ್ಣ ಬರ್ತಾರೆ, ಅಲೆಕ್ಸಾಂಡರ್ ಬರಿಗೈಲಿ ಹೋದ ಕತೆ ಬಂದೇ ಬರುತ್ತೆ. ಚಪ್ಪಾಳೆ. ಆಮೇಲೆ ಅದೇ ಭಾಷಣಕಾರ ಪಾರ್ಕಿಂಗ್‌ಗೆ ಹೋಗಿ ಬೈಕ್ ಟ್ಯಾಂಕ್ ಮೇಲಿನ ಧೂಳನ್ನ ಕರ್ಚೀಫಿನಲ್ಲಿ ಒರೆಸ್ತಾನೆ. ಒರೆಸೋದರಲ್ಲಿ ತಪ್ಪೇನಿಲ್ಲ. ನನಗೆ ಅನುಮಾನ ಇರೋದು ಆ ಭಾಷಣದ ಮೇಲೆ, ಬೈಕಿನ ಮೇಲಲ್ಲ.

ಯಾಕಂದ್ರೆ "ವಸ್ತು ಮುಖ್ಯ ಅಲ್ಲ" ಅನ್ನೋ ಮಾತನ್ನ ಹೆಚ್ಚಾಗಿ ಹೇಳೋರು ಅದನ್ನ ಆಗಲೇ ಇಟ್ಕೊಂಡಿರೋರು. ನಮ್ಮಜ್ಜಿ ಇಪ್ಪತ್ತು ವರ್ಷ ಕೆರೆಯಿಂದ ನೀರು ಹೊತ್ತಿದ್ದಾರೆ. ಮನೆ ಮುಂದೆ ನಲ್ಲಿ ಬಂದ ದಿನ ಅವರಿಗೆ ಅದು ಬರೀ ವಸ್ತು ಆಗಿರಲಿಲ್ಲ, ಬೆನ್ನಿಗೆ ಸಿಕ್ಕ ಬಿಡುಗಡೆ ಆಗಿತ್ತು. 2020ರ ಲಾಕ್‌ಡೌನಲ್ಲಿ ಮನೆಗೊಂದೇ ಸ್ಮಾರ್ಟ್‌ಫೋನ್ ಇದ್ದು, ಅಣ್ಣ ತಂಗಿ ಸರದಿ ಮೇಲೆ ಕ್ಲಾಸ್ ಕೇಳಿದ್ದು ನಿಮ್ಮಲ್ಲಿ ಎಷ್ಟೋ ಜನರಿಗೆ ನೆನಪಿರುತ್ತೆ. ಅವರ ಮುಂದೆ ಹೋಗಿ ಫೋನಿನಿಂದ ಜೀವನ ಸಾರ್ಥಕ ಆಗಲ್ಲ ಅಂತ ಉಪದೇಶ ಮಾಡಿದರೆ ಬೈಸಿಕೊಳ್ಳೋದೇ.

ಇನ್ನೂ ದೊಡ್ಡ ಉದಾಹರಣೆ ಬೇಕಾ? 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ನೀರು ಕುಡಿದರು. ಅದು ಸಾರ್ವಜನಿಕ ಕೆರೆ. ದನಕ್ಕೆ ತಡೆ ಇರಲಿಲ್ಲ, ದಲಿತರಿಗೆ ಇತ್ತು. ಹಿಂದೆ ಎಲ್ಲಾ ಹಂಚಿಕೊಂಡು ಬಾಳ್ತಿದ್ರು ಅಂತ ನಿಟ್ಟುಸಿರು ಬಿಡೋ ಮುಂಚೆ, ಯಾರು ಯಾರ ಜೊತೆ ಹಂಚ್ಕೊಂಡಿದ್ರು ಅಂತಲೂ ಕೇಳ್ಕೋಬೇಕು. ಊರ ಬಾವಿಗೆ ಹಗ್ಗ ಇಳಿಸೋಕೆ ಬಿಡದೇ ಇದ್ದ ಮನೆಗೆ ಸ್ವಂತ ನಲ್ಲಿ, ಸ್ವಂತ ಪಹಣಿ ಅಂದರೆ ಏನು ಅಂತ ನಮ್ಮಂಥೋರು ಅಳೆಯೋಕಾಗಲ್ಲ. ಸ್ವಂತದ್ದು ಅನ್ನೋದಕ್ಕೆ ಅರ್ಥ ಇದೆ. ಖಂಡಿತ ಇದೆ.

ಹಂಗಾದ್ರೆ ತಕರಾರು ಏನು? ಅಲ್ಲಿಗೆ ಬರೋ ಮುಂಚೆ ನಮ್ಮ ಸೀಮೆಯ ಒಂದು ಹಳೇ ಆಸ್ತಿ ಬಗ್ಗೆ ಹೇಳಬೇಕು. ದನ ಅಂದ್ರೂ ಧನ ಅಂದ್ರೂ ನಮ್ಮೂರ ಬಾಯಲ್ಲಿ ಉಚ್ಚಾರಣೆ ಒಂದೇ. ಅದು ಬರೀ ಮಹಾಪ್ರಾಣದ ಸಮಸ್ಯೆ ಅಲ್ಲ ಅಂತ ನನಗೆ ಅನ್ಸುತ್ತೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದ ಅರಮನೆ ದನಗಳ ಇಲಾಖೆಗೆ ಟಿಪ್ಪು ಅಮೃತ ಮಹಲ್ ಅಂತ ಹೆಸರಿಟ್ಟ. ಸೈನ್ಯದ ಸಾಮಾನು, ತೋಪು ಎಳೀತಿದ್ದ ದನ ಅವು. ಅವುಗಳಿಗೇ ಅಂತ ಮೀಸಲಿಟ್ಟ ಕಾವಲುಗಳು ಕಡೂರು, ಬೀರೂರು, ಅಜ್ಜಂಪುರದ ಸುತ್ತ ಇವತ್ತಿಗೂ ಅಷ್ಟಿಷ್ಟು ಉಳಿದಿವೆ. ಬಾಸೂರು ಕಾವಲನ್ನಂತೂ ಕೃಷ್ಣಮೃಗಗಳಿಗಾಗಿ ಸಂರಕ್ಷಿಸಿದ್ದಾರೆ. ತಳಿ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ.

ಅಲ್ಲಿಯ ಹೋರಿಗಳ ಹರಾಜಿಗೆ ಒಂದು ಸಲ ಹೋಗಿ ನೋಡಿ. ಜೋಡಿಗೆ ಲಕ್ಷದ ಮೇಲೆ ಕೂಗ್ತಾರೆ. ಕೂಗೋನ ಮನೇಲಿ ಟ್ರ್ಯಾಕ್ಟರ್ ಇರುತ್ತೆ. ಹೋರಿ ಬೇಕಾಗಿದ್ದು ಉಳೋಕಲ್ಲ, ಶೋಕಿಗೆ. ಲೆಕ್ಕಾಚಾರದ ಪ್ರಕಾರ ಇದಕ್ಕಿಂತ ದಂಡದ ಖರ್ಚು ಇನ್ನೊಂದಿಲ್ಲ. ಆದರೆ ಆ ಶೋಕಿ ಒಂದು ಕೆಲಸ ಕೇಳುತ್ತೆ. ಕಾವಲಿನಲ್ಲಿ ಬೆಳೆದ ಆ ದನ ಮನುಷ್ಯರನ್ನ ಹತ್ತಿರ ಬಿಟ್ಕೊಳ್ಳಲ್ಲ. ತಿಂಗಳುಗಟ್ಟಲೆ ಜೊತೆಗಿದ್ದು, ಮೈ ತಿಕ್ಕಿ, ಗುಮ್ಮಿಸಿಕೊಂಡು, ಹುರುಳಿ ನೆನೆಸಿಟ್ಟು ಪಳಗಿಸಬೇಕು. ಆರು ತಿಂಗಳಾದ ಮೇಲೆ ಅದು ಇವನ ದನಿಗೆ ತಲೆ ತಿರುಗಿಸುತ್ತೆ. ಆ ಮನುಷ್ಯನನ್ನ ಭೌತವಾದಿ ಅಂತ ಬೈಯೋಕೆ ನನಗೆ ಬಾಯಿ ಬರಲ್ಲ. ಅವನ ಶೋಕಿಯ ಖರ್ಚು ಅವನೇ ತೆರ್ತಾನೆ, ದುಡ್ಡಿನಲ್ಲೂ ಮೈಯಲ್ಲೂ.

ಈಗ ಅಡಿಕೆಗೆ ಬರೋಣ. ಅದು ಮೂಲತಃ ಮಲೆನಾಡಿನ ಗಿಡ. ಕಡೂರಿನ ವಾರ್ಷಿಕ ಮಳೆ 600 ಮಿಲಿಮೀಟರ್ ಆಸುಪಾಸು. ಅದೇ ಜಿಲ್ಲೆಯ ಶೃಂಗೇರಿಯಲ್ಲಿ ಅದರ ಐದಾರು ಪಟ್ಟು. ರಾಗಿ, ಜೋಳ, ಈರುಳ್ಳಿ, ತೆಂಗು ನಮ್ಮ ಕಡೆ ಬೆಳೆ. ಅಡಿಕೆ ರೇಟು ಏರ್ತಾ ಹೋದಂಗೆ ರಾಗಿ ಹೊಲಗಳೆಲ್ಲ ಒಂದೊಂದಾಗಿ ತೋಟ ಆದವು. 2014ರಲ್ಲಿ ರೇಟು ಹುಚ್ಚೆದ್ದು ಏರಿ, ಆಮೇಲೆ ಜರ್ರನೆ ಇಳಿದಾಗಲೂ ಯಾರೂ ನಿಲ್ಲಿಸಲಿಲ್ಲ. (ಅಡಿಕೆಯನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆ. ಆ ಜಗಳ ಇನ್ನೊಂದು ಸಂಚಿಕೆಗೆ ಇರಲಿ, ಇಲ್ಲಾಂದ್ರೆ ಊರಿಗೆ ಹೋದಾಗ ನನಗೆ ಊಟ ಸಿಗಲ್ಲ.)

ಸಿವಿಲ್ ಬ್ರಾಂಚಿನೋನು ನಾನು, ಒಂದು ಸಣ್ಣ ಲೆಕ್ಕ ಮಾಡದೆ ಬಿಡಲ್ಲ. ಒಂಬತ್ತು ಅಡಿಗೊಂದು ಗಿಡ ಅಂದರೆ ಎಕರೆಗೆ 540 ಗಿಡ. ಬೇಸಿಗೆಯಲ್ಲಿ ಡ್ರಿಪ್ ಹಾಕಿದರೂ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. 20 ಅಂತಲೇ ಹಿಡೀರಿ, ಎಕರೆಗೆ ದಿನಕ್ಕೆ 10,800 ಲೀಟರ್. ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಒಂದು ಎಕರೆ ತೋಟ ದಿನಾ ಕುಡಿಯೋದು ಹತ್ತಿರ ಹತ್ತಿರ 200 ಜನರ ನೀರು. ಆ ನೀರನ್ನ 800 ಅಡಿ ಆಳದಿಂದ ಎತ್ತೋಕೆ, ಮೋಟರು, ಪೈಪಿನ ನಷ್ಟ ಎಲ್ಲಾ ಸೇರಿ ದಕ್ಷತೆ ಶೇ. 40 ಅಂದ್ಕೊಂಡರೆ, ದಿನಕ್ಕೆ 18 ಯೂನಿಟ್ ಕರೆಂಟು. 10 ಎಚ್‌ಪಿ ತನಕ ಪಂಪ್‌ಸೆಟ್‌ಗೆ ಬಿಲ್ ಇಲ್ಲ, ಹಾಗಾಗಿ ಈ 18 ಯಾರ ಕಣ್ಣಿಗೂ ಬೀಳಲ್ಲ.

ಮುಖ್ಯವಾದ ಲೆಕ್ಕ ಇನ್ನೂ ಬಾಕಿ ಇದೆ. ಒಂದು ಎಕರೆ ಮೇಲೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 24 ಲಕ್ಷ ಲೀಟರ್. ಅದರಲ್ಲಿ ಬಹುಪಾಲು ಹರಿದು, ಆವಿಯಾಗಿ ಹೋಗುತ್ತೆ. ನಮ್ಮಂಥ ಗಟ್ಟಿ ಕಲ್ಲಿನ ನೆಲದಲ್ಲಿ ಕೆಳಗೆ ಇಂಗೋದು ಶೇ. 10 ಅಂತ ಉದಾರವಾಗಿಯೇ ಇಟ್ಕೊಳ್ಳಿ, 2.4 ಲಕ್ಷ ಲೀಟರ್. ತೋಟ ಅದನ್ನ 22 ದಿನಕ್ಕೆ ಕುಡಿದು ಮುಗಿಸುತ್ತೆ. ಇಪ್ಪತ್ತಮೂರನೇ ದಿನದಿಂದ ಕುಡಿಯೋದು ಯಾರ ಪಾಲಿನದು?

ನನ್ನ ತಕರಾರು ಇರೋದು ಇಲ್ಲಿ. ಪಹಣಿ ನನ್ನ ಹೆಸರಲ್ಲಿದೆ, ತೋಟ ನನ್ನದು, ಬೋರು ನನ್ನದು, ಸಾಲವೂ ನನ್ನದೇ. ಆದರೆ ಅದರಲ್ಲಿ ಬರೋ ನೀರು ಪಕ್ಕದ ರಾಗಿ ಹೊಲದ್ದು, ಊರ ಕುಡಿಯೋ ನೀರಿನ ಬೋರಿನದ್ದು, ಗೋಮಾಳದ ಕೆಳಗಿನದ್ದು. 1882ರ ಅನುಭೋಗ ಹಕ್ಕುಗಳ ಕಾಯ್ದೆ ಅಂತ ಒಂದಿದೆ. ತನ್ನ ಜಮೀನಿನ ಕೆಳಗಿರೋ ನೀರನ್ನ ಎತ್ತಿಕೊಳ್ಳೋದು ಜಮೀನುದಾರನ ಹಕ್ಕು ಅನ್ನೋ ನಂಬಿಕೆಗೆ ಬೇರು ಅಲ್ಲಿದೆ. ಅದನ್ನ ಬರೆಯೋ ಹೊತ್ತಿಗೆ ನೀರೆತ್ತೋಕೆ ಇದ್ದದ್ದು ಏತ, ಕಪಿಲೆ. ಎರಡು ಎತ್ತು ಎಷ್ಟು ಆಳದಿಂದ ಎಳೆದಾವು? ಈಗ ರಿಗ್ ಲಾರಿ ಒಂದೇ ರಾತ್ರಿಗೆ ಸಾವಿರ ಅಡಿ ಇಳಿಯುತ್ತೆ. ಕಲ್ಲಿನ ಸೀಳಿಗೆ ಸರ್ವೆ ನಂಬರ್ ಗೊತ್ತಿಲ್ಲ.

ನಮ್ಮ ಕಡೆಯ ಹಳೇ ಏರ್ಪಾಡು ಕೆರೆ. ಶಕುನಗಿರಿ ಕೆಳಗಿನ ಅಯ್ಯನಕೆರೆ ನೋಡಿದೋರಿಗೆ ನಾನು ಹೇಳೋದು ಗೊತ್ತಾಗುತ್ತೆ. ಕೆರೆ ಯಾರ ಸ್ವತ್ತೂ ಅಲ್ಲ. ಆದರೆ ತೂಬು ಎತ್ತೋಕೆ ನೀರುಗಂಟಿ ಇದ್ದ, ಹೂಳೆತ್ತೋಕೆ ಗಾಡಿ ಕಟ್ಟೋರಿದ್ರು, ಕೋಡಿ ಬಿದ್ದರೆ ಊರಿಗೆ ಹಬ್ಬ. ಮೇಲೆ ಹೇಳಿದ ಜಾತಿ ಗಲೀಜು ಇಲ್ಲೂ ಇತ್ತು, ಅದನ್ನ ಮುಚ್ಚಿಡೋದು ಬೇಡ. ಹಾಗಿದ್ದೂ ಒಂದು ವ್ಯತ್ಯಾಸ ಇದೆ. ಕೆರೆ ಖಾಲಿಯಾಗ್ತಿದ್ದರೆ ಎಲ್ಲರಿಗೂ ಕಾಣ್ತಿತ್ತು. ಬೋರು ಖಾಲಿಯಾಗೋದು ಕಾಣಲ್ಲ, ಬರೀ ಆ ಮನೆಯ ಸಾಲ ಏರುತ್ತೆ. ತರೀಕೆರೆ ಏರಿ ಮೇಲಿನ ಕರಿ ಕುರಿಮರಿಗಳನ್ನ ನಾಲಿಗೆ ತೊದಲದ ಹಾಗೆ ಹೇಳೋ ಆಟ ಕರ್ನಾಟಕಕ್ಕೆಲ್ಲ ಗೊತ್ತು. ಆ ಏರಿ ಈಚೆ ನೀರಿದೆಯಾ ಅಂತ ಕೇಳಿದೋರನ್ನ ನಾನು ನೋಡಿಲ್ಲ.

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಮುಂದಿನ ಬೇಸಿಗೆಯಲ್ಲಿ ನಮ್ಮ ಕಡೆ ರಸ್ತೆ ತುಂಬಾ ಟ್ಯಾಂಕರ್. ಕುಡಿಯೋಕೆ ಬಂದವೂ ಇದ್ದವು, ತೋಟಕ್ಕೆ ಹೋಗೋವೂ ಇದ್ದವು. ಎರಡಕ್ಕೂ ನೀರು ತುಂಬಿಸ್ತಿದ್ದದ್ದು ಯಾವುದೋ ಇನ್ನೊಬ್ಬರ ಬೋರಿನಿಂದ. ಅದಕ್ಕೆ ಆರೇಳು ವರ್ಷ ಹಿಂದೆ, 2016–17ರ ಬರದಲ್ಲಿ, ತೆಂಗಿನ ಮರಗಳು ಸುಳಿ ಒಣಗಿ ನಿಂತಿದ್ದನ್ನ ಎಲ್ಲರೂ ಕಣ್ಣಾರೆ ಕಂಡಿದ್ದರು. ಕಂಡ ಮೇಲೂ ಇನ್ನಷ್ಟು ನೀರು ಬೇಡೋ ಗಿಡವನ್ನೇ ಹಾಕಿದೀವಿ ಅಂದರೆ ಅದು ಬರೀ ದುಡ್ಡಿನಾಸೆ ಅಲ್ಲ. ದುಡ್ಡಿನಾಸೆ ಇರೋನು ಕೊನೇಪಕ್ಷ ನಷ್ಟದ ಲೆಕ್ಕ ಹಾಕ್ತಾನೆ.

ಅದು ಮರ್ಯಾದೆ. ಹೆಣ್ಣು ಕೇಳೋಕೆ ಹೋದಲ್ಲಿ "ತೋಟ ಎಷ್ಟಿದೆ?" ಅಂತಾರೆ, ಹೊಲ ಎಷ್ಟಿದೆ ಅಂತ ಕೇಳಲ್ಲ. ತೋಟದ ಮನೆ ಅಂದರೆ ಒಂದು ತೂಕ. ಆ ದುಡ್ಡಲ್ಲಿ ಕಂಬ ನಿಲ್ಲಿಸಿ, ಗ್ರಾನೈಟ್ ಹಾಸಿ ಕಟ್ಟಿದ ಎಷ್ಟೋ ಮನೆಗಳಲ್ಲಿ ಈಗ ಅಪ್ಪ ಅಮ್ಮ ಇಬ್ಬರೇ. ಮಕ್ಕಳು ಬೆಂಗಳೂರಲ್ಲಿ, ಮೇಲಿನ ಮಹಡಿಗೆ ಬೀಗ. ಯುಗಾದಿಗೆ ಒಂದು ಸಲ ಗುಡಿಸ್ತಾರೆ.

ನಾವು ಕ್ಯಾಂಪಸ್ಸಿನಲ್ಲಿ ಮಾಡ್ತಿರೋದೂ ಇದೇ, ಹೆಸರು ಬೇರೆ. ತೋಟದ ಜಾಗದಲ್ಲಿ ಪ್ಯಾಕೇಜು. ಪ್ಲೇಸ್‌ಮೆಂಟ್ ಆದೋನಿಗೆ "ಏನು ಕೆಲಸ ಮಗಾ?" ಅಂತ ಯಾರೂ ಕೇಳಲ್ಲ, "ಎಷ್ಟು?" ಅಂತಾರೆ. ಐಫೋನ್ ಇಎಂಐ ಬಗ್ಗೆ ಬರೆಯೋದು ಸುಲಭ, ಅದಕ್ಕೇ ಬಿಟ್ಟೆ. ನಿಮ್ಮ ಫೋನಿನ ಕಂತು ನೀವೇ ಕಟ್ಟೋದಾದ್ರೆ ಅದು ಹೋರಿ ಕಟ್ಟಿದೋನ ಶೋಕಿ ಹಾಗೆ, ನಿಮ್ಮಿಷ್ಟ. ಊರಲ್ಲಿ ಅಪ್ಪ ಕಟ್ತಿದ್ರೆ ಮಾತು ಬೇರೆ.

ಭದ್ರಾ ಮೇಲ್ದಂಡೆ ನೀರು ಬಂದರೆ ಎಲ್ಲಾ ಸರಿಹೋಗುತ್ತೆ ಅನ್ನೋರು ಬಹಳ ಜನ. ಅದರ ಸುರಂಗ ಇರೋದು ನಮ್ಮ ಅಜ್ಜಂಪುರದ ಹತ್ತಿರವೇ. ಬರಲಿ, ಕೆರೆ ತುಂಬಲಿ, ನನಗೂ ಸಂತೋಷ. ಆದರೆ ತುಂಬಿದ ಮರುವರ್ಷವೇ ಉಳಿದ ರಾಗಿ ಹೊಲಗಳಲ್ಲೂ ಅಡಿಕೆ ಗುಂಡಿ ತೋಡ್ತಾರೆ, ಬೇಕಾದರೆ ಬರೆದಿಟ್ಕೊಳ್ಳಿ. ಬೇಕು ಅನ್ನೋದನ್ನ ಮುಟ್ಟದೆ ನೀರು ಮಾತ್ರ ಹೆಚ್ಚಿಸೋದು ಎಂಜಿನಿಯರಿಂಗ್‌ನ ಅರ್ಧ ಕೆಲಸ.

ಇಷ್ಟೆಲ್ಲ ಬರೆಯೋಕೆ ಕಾರಣ ನಮ್ಮ ಮನೆಯ ಆರನೇ ಬೋರು. ಐದರಲ್ಲಿ ಮೂರು ಫೇಲ್. ಉಳಿದೆರಡರಲ್ಲಿ ಒಂದು ಮಾರ್ಚ್ ದಾಟಲ್ಲ. ನನಗೆ ಕೆಲಸ ಸಿಕ್ಕಿದ್ದು ಗೊತ್ತಾದ ವಾರಕ್ಕೆ ಅಪ್ಪ ತೆಂಗಿನಕಾಯಿ ಹಿಡಿಯೋರನ್ನ ಕರೆಸಿ ಪಾಯಿಂಟ್ ನೋಡಿಸಿದರು. ಕಂತು ನನ್ನ ಸಂಬಳದಿಂದ ಅನ್ನೋದು ಬಾಯಿಬಿಟ್ಟು ಹೇಳದೆ ಇದ್ದರೂ ಎಲ್ಲರಿಗೂ ಗೊತ್ತು. ನಾನು ಮೇಲಿನ 22 ದಿನದ ಲೆಕ್ಕವನ್ನ ಹಾಳೆ ಮೇಲೆ ಬರೆದು ತೋರಿಸಿದೆ. ಅಪ್ಪ ಪೂರ್ತಿ ನೋಡಿದರು, ತಪ್ಪು ಅನ್ನಲಿಲ್ಲ. "ತೋಟ ಒಣಗಿದ್ರೆ ದಾರೀಲಿ ಹೋಗೋರಿಗೆಲ್ಲ ಕಾಣುತ್ತೆ ಕಣೋ. ಸಾಲ ಯಾರಿಗೆ ಕಾಣುತ್ತೆ?" ಅಂದರು.

ಇದಕ್ಕೆ ಉತ್ತರ ಕೊಡೋ ಪಠ್ಯಪುಸ್ತಕ ನಮ್ಮ ಲೈಬ್ರರಿಯಲ್ಲಿಲ್ಲ. ಸದ್ಯಕ್ಕೆ ಆಗಿರೋ ರಾಜಿ ಇಷ್ಟು: ಮೇಲಿನ ಒಂದು ಎಕರೆಗೆ ಈ ಬೇಸಿಗೆ ನೀರು ಬಿಡಲ್ಲ, ಉಳಿಯೋ ಗಿಡ ಉಳೀಲಿ. ಕೃಷಿ ಭಾಗ್ಯದಲ್ಲಿ ಹೊಂಡಕ್ಕೆ ಅರ್ಜಿ ಹಾಕ್ತೀವಿ. ಬೋರಿನ ಮಾತು ದೀಪಾವಳಿ ಆದಮೇಲೆ. ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಪಕ್ಕದ ಹೊಲದವರು ಬೋರ್ ಹಾಕಿಸಿದರಂತೆ, 1,100 ಅಡಿಗೆ ಒಂದೂವರೆ ಇಂಚು ನೀರು. ಅಷ್ಟು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂತ ಕೇಳಿದರು.